ಏಳು ಸಲ ತೊಳೆಯೋ ಪಂಡಿತನ ಬಾಣಂತನ

ಬನ್ರೋ, ಹತ್ತಿರ ಬನ್ನಿ. ಕಡಲೇಕಾಯಿ ತಿನ್ನೋರು ತಿನ್ನಿ, ಬೇಡ ಅನ್ನಲ್ಲ. ಆದ್ರೆ ಸಿಪ್ಪೆ ಮಡಿಲಲ್ಲೇ ಇಟ್ಕೊಳ್ಳಿ. ಒಂದು ಸಿಪ್ಪೆ ನೆಲಕ್ಕೆ ಬಿತ್ತೋ, ಕತೆ ಅಲ್ಲಿಗೇ ನಿಲ್ಲುತ್ತೆ. ನನ್ನ ಬುದ್ಧಿ ನಿಮಗೆ ಗೊತ್ತಲ್ಲ.

ಬೊಪ್ಪನಾಡು ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಒಂದು ಗುಡ್ಡ. ಗುಡ್ಡದ ಮೇಲೆ ಅರಮನೆ. ಅರಮನೆ ಪಕ್ಕ ಔಷಧಿಶಾಲೆ. ಗುಡ್ಡದ ಕೆಳಗೆ ಕೆರೆ. ಕೆರೆ ದಂಡೆಯಲ್ಲಿ ಕೆಳಕೊಪ್ಪ ಅನ್ನೋ ಊರು. ಮೇಲೆ ಸುರಿದದ್ದು ಕೆಳಗೆ ಬರುತ್ತೆ. ಇಷ್ಟು ತಿಳ್ಕೊಂಡ್ರೆ ಸಾಕು, ಈ ಕತೆ ನಿಮಗೆ ಅರ್ಥ ಆಗುತ್ತೆ. ಪಾಪ, ಅಲ್ಲಿನ ರಾಜನಿಗೆ ಇಷ್ಟೂ ಗೊತ್ತಿರಲಿಲ್ಲ.

ರಾಜನ ಹೆಸರು ಬೊಪ್ಪರಾಜ. ಒಳ್ಳೆಯೋನೇ. ಆದ್ರೆ ಅವನಿಗೊಂದು ಮೀಸೆ ಇತ್ತು ನೋಡಿ, ಇಲ್ಲಿಂದ ಅಲ್ಲೀ ತನಕ! ಯಾವ ಕನ್ನಡಿಯಲ್ಲೂ ಹಿಡಿಸ್ತಿರಲಿಲ್ಲ. ಎಡತುದಿ ಕಂಡ್ರೆ ಬಲತುದಿ ಕಾಣದು. ಬಲತುದಿ ಕಂಡ್ರೆ ಎಡತುದಿ ಕಾಣದು. ಎರಡೂ ಒಂದೇ ಸಮ ಇದೆಯೋ ಇಲ್ಲವೋ ಅನ್ನೋ ಚಿಂತೆಯಲ್ಲಿ ರಾಜನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಔಷಧಿಶಾಲೆಯ ಯಜಮಾನ ತ್ರಿಯಂಬಕ ಪಂಡಿತ. ಅವನ ಶುಚಿ ಅಂದ್ರೆ ಶುಚಿ! ಒಂದು ಕೊಪ್ಪರಿಗೆ ಕಷಾಯ ಕುದಿಸಿದ್ರೆ ಆ ಕೊಪ್ಪರಿಗೆಯನ್ನ ಏಳು ಸಲ ತೊಳೀಬೇಕು. ಆರು ಸಲ ತೊಳೆದ್ರೆ "ಥೂ, ಎಂಜಲು" ಅಂತಿದ್ದ. ಏಳನೇ ಸಲ ಆದ್ಮೇಲೆ ಕೊಪ್ಪರಿಗೆ ಥಳಥಳ ಅಂತಿತ್ತು. ಅದರೊಳಗೆ ಇಣುಕಿದ್ರೆ ರಾಜನ ಮೀಸೆ ಈ ತುದಿಯಿಂದ ಆ ತುದಿ ತನಕ ಪೂರ್ತಿ ಕಾಣ್ತಿತ್ತು. ರಾಜ ನೋಡ್ತಿದ್ದ, ತಿರುವ್ತಿದ್ದ, "ಭಲೇ ಪಂಡಿತ!" ಅಂತಿದ್ದ.

ಸರಿ, ಏಳು ಸಲ ತೊಳೆದ ನೀರು ಎಲ್ಲಿಗೆ ಹೋಯ್ತು? ಮೋರಿಗೆ. ಮೋರಿ ಎಲ್ಲಿಗೆ ಹೋಯ್ತು? ಕೆರೆಗೆ. ಅದನ್ನ ಯಾರೂ ಇಣುಕಿ ನೋಡಲಿಲ್ಲ, ಅದರಲ್ಲಿ ಮೀಸೆ ಕಾಣ್ತಿರಲಿಲ್ಲ.

ಆ ರಾಜ್ಯದಲ್ಲಿ ವೈದ್ಯರಿಗೆ ಒಂದು ಹಳೇ ಕಟ್ಟಳೆ ಇತ್ತು. ರೋಗಿ ತನ್ನ ಬಾಯಿಂದಲೇ ಮೂರು ಸಲ "ಗುಣವಾಯ್ತು" ಅನ್ನೋ ತನಕ ವೈದ್ಯ ಅವನನ್ನ ಬಿಟ್ಟು ಕದಲೋ ಹಾಗಿಲ್ಲ. ರೋಗಿ ಕುಡಿದ ನೀರನ್ನೇ ವೈದ್ಯನೂ ಕುಡೀಬೇಕು. ರೋಗಿಯ ಪಥ್ಯವೇ ವೈದ್ಯನ ಪಥ್ಯ. ರೋಗಿಗೆ ಆಗೋ ಉಪಚಾರವೇ ವೈದ್ಯನಿಗೂ ಉಪಚಾರ. ಯಾಕಪ್ಪ ಅಂದ್ರೆ, ರೋಗಿಗೆ ಬರೀ ಗಂಜಿ ಹೇಳಿ ತಾನು ಹೋಳಿಗೆ ಹೊಡೆಯೋ ವೈದ್ಯರು ಆಗಲೂ ಇದ್ರು. ನಮ್ಮ ಪಂಡಿತ ಜಾಣ. ಅವನು ರಾಜನೊಬ್ಬನನ್ನೇ ರೋಗಿ ಮಾಡ್ಕೊಂಡಿದ್ದ. ರಾಜನಿಗೆ ತುಪ್ಪ, ಕೆನೆಮೊಸರು, ಹಾಲುಹೋಳಿಗೆ ಪಥ್ಯ ಅಂತ ಬರೆದುಕೊಟ್ಟ. ಹಾಗಾಗಿ ಪಂಡಿತನ ಹೊಟ್ಟೆ ಪಂಡಿತನಿಗಿಂತ ಒಂದು ಮಾರು ಮುಂದೆ ನಡೀತಿತ್ತು.

ಅವನಿಗೊಂದು ದೊಡ್ಡ ಹೊಟ್ಟೆಕಿಚ್ಚೂ ಇತ್ತು. ಒಂದ್ಸಲ ರಾಜನಿಗೆ ಬಿಕ್ಕಳಿಕೆ ಬಂತು. ಪಂಡಿತ ಎಂಟು ದಿನ ಔಷಧಿ ಕೊಟ್ಟ. ಒಂಬತ್ತನೇ ದಿನ ತಮಟೆಯವನೊಬ್ಬ ಕಿಟಕಿ ಹತ್ರ ಬಂದು ಢಂ ಅನ್ನಿಸಿದ. ರಾಜ ಬೆಚ್ಚಿಬಿದ್ದ, ಬಿಕ್ಕಳಿಕೆ ನಿಂತುಹೋಯ್ತು. ಶಾಲು ಯಾರಿಗೆ ಹೊದಿಸಿದ್ರು? ತಮಟೆಯವನಿಗೆ! ಪಂಡಿತ ಮೂರು ದಿನ ಹೋಳಿಗೆ ಮುಟ್ಟಲಿಲ್ಲ. ಆಮೇಲೆ ಹಠ ಹಿಡಿದು ತಾಮ್ರದ ತಗಡಿನ ಮೇಲೆ ಹೊಸ ಶಾಸನ ಬರೆಸಿಕೊಂಡ: "ತ್ರಿಯಂಬಕ ಪಂಡಿತನ ಔಷಧಿ ಒಂದು ಹನಿ ಯಾರ ಹೊಟ್ಟೆಗೆ ಬಿತ್ತೋ ಅವರು ತ್ರಿಯಂಬಕ ಪಂಡಿತನ ರೋಗಿ. ಗುಣವಾದ ಹೆಸರು ಅವನಿಗೇ ಸೇರಬೇಕು." ಈ ತಗಡನ್ನ ಮರೀಬೇಡಿ. ಮುಂದೆ ಕೆಲಸಕ್ಕೆ ಬರುತ್ತೆ.

ಒಂದು ದಿನ ರಾಜ, "ಪಂಡಿತ, ನಿದ್ದೆ ಬರೋ ಔಷಧಿ ಮಾಡು" ಅಂದ.

ಬೇಕಾದದ್ದು ಅರ್ಧ ಚಮಚ. ಪಂಡಿತ ಮಾಡಿದ್ದು ಹನ್ನೆರಡು ಕೊಪ್ಪರಿಗೆ. "ರಾಜನ ಔಷಧಿಯನ್ನ ಸಣ್ಣ ಚಟ್ಟಿಯಲ್ಲಿ ಮಾಡೋಕಾಗುತ್ತಾ?" ಅಂದ. ರಾಜ ಅರ್ಧ ಚಮಚ ಕುಡಿದು ಮಲಗಿದ. ಉಳಿದದ್ದು ಮೋರಿಗೆ. ಹನ್ನೆರಡು ಕೊಪ್ಪರಿಗೆ ಏಳೇಳು ಸಲ ತೊಳೆದ ನೀರೂ ಮೋರಿಗೆ.

ಕೆಳಕೊಪ್ಪದಲ್ಲಿ ಏನಾಯ್ತು? ಊರಿಗೆ ಊರೇ ಆಕಳಿಸ್ತು. ಹುಂಜ "ಕೊಕ್ಕೋ" ಅಂತ ಶುರು ಮಾಡಿ "ಕೋ" ಅನ್ನೋದನ್ನ ಮಾರನೇ ದಿನಕ್ಕೆ ಇಟ್ಕೊಳ್ತು. ಒಬ್ಬ ಕಳ್ಳ ಒಂದು ಮನೆಗೆ ನುಗ್ಗಿ, ಆ ಮನೆಯವರ ಪಕ್ಕದಲ್ಲೇ ಮಲಗಿಬಿಟ್ಟ. ಮನೆಯವರು ಎದ್ದು, ನೆಂಟನೇ ಇರಬೇಕು ಅಂತ ಅವನಿಗೊಂದು ಚಾದರ ಹೊದಿಸಿ ಮತ್ತೆ ಮಲಗಿದ್ರು.

ಊರಿನ ಸೂಲಗಿತ್ತಿ ಹೊಂಬಾಳಕ್ಕ. ಹೆರಿಗೆ ಮಾಡಿಸೋದು ಅವಳ ಕಸುಬು. ಆ ಸೀಮೆಯಲ್ಲಿ ಹುಟ್ಟಿದೋರೆಲ್ಲ ಅವಳ ಕೈಗೇ ಬಿದ್ದೋರು, ರಾಜನೂ ಸೇರಿ. ಅವಳು ಮುಖಕ್ಕೆ ತಣ್ಣೀರು ಎರಚ್ಕೊಂಡು, ಮೂರು ಕಡೆ ತೂಕಡಿಸಿ, ಗುಡ್ಡ ಹತ್ತಿ ಬಂದ್ಲು.

"ಬೊಪ್ಪಣ್ಣಾ, ಕೆರೆ ನೀರಲ್ಲಿ ಔಷಧಿ ಬರ್ತಿದೆ. ಊರು ಮಲಗಿದೆ" ಅಂದ್ಲು.

ಪಂಡಿತ ಎದ್ದು, "ಅದು ನನ್ನದಲ್ಲ. ನನ್ನ ಔಷಧಿ ನನ್ನ ಕೊಪ್ಪರಿಗೆ ದಾಟಲ್ಲ. ನೋಡಿ ಮಹಾಪ್ರಭು, ಎಷ್ಟು ಶುಚಿ!" ಅಂದ.

ರಾಜ ಕೊಪ್ಪರಿಗೆಯೊಳಗೆ ಇಣುಕಿದ. ಮೀಸೆ ಕಾಣ್ತು. ಬೇರೆಲ್ಲ ಮರೆತುಹೋಯ್ತು. "ಶುಚಿಯಾಗೇ ಇದೆ ಕಣಮ್ಮ. ಊರು ಮಲಗಿದ್ರೆ ಎಚ್ಚರದ ಔಷಧಿ ಮಾಡಿಸೋಣ" ಅಂದ.

ಮತ್ತೆ ಹನ್ನೆರಡು ಕೊಪ್ಪರಿಗೆ. ಮತ್ತೆ ಏಳೇಳು ತೊಳೆತ. ಎಚ್ಚರದ ಔಷಧಿ ಊರಿಗೆ ಹಂಚೋಕೂ ಮುಂಚೆ ಮೋರಿಯಲ್ಲೇ ಊರು ಸೇರ್ತು. ಈಗ ಯಾರಿಗೂ ಕೂರೋಕಾಗ್ತಿಲ್ಲ! ತೊಂಬತ್ತು ವರ್ಷದ ಮುದುಕಿ ಹುಣಸೇಮರ ಹತ್ತಿ, "ಇಳಿಯಲ್ಲ ಹೋಗ್ರೋ" ಅಂತ ಮೊಮ್ಮಕ್ಕಳನ್ನ ಬೈದ್ಲು. ಎತ್ತುಗಳು ತಮ್ಮ ಹೊಲ ಉತ್ತು, ಪಕ್ಕದವನ ಹೊಲ ಉತ್ತು, ಊರಬಾಗಿಲ ರಸ್ತೆಯನ್ನೂ ಉತ್ತು ಹಾಕಿದ್ವು. ಮೀನುಗಳು ತಾವಾಗೇ ನೆಗೆದು ಬಾಣಲೆಗೆ ಬಿದ್ದು, ಬಾಣಲೆಯಿಂದ ನೆಗೆದು ವಾಪಸ್ ಹೋದ್ವು.

ಹೊಂಬಾಳಕ್ಕ ಗುಡ್ಡ ಹತ್ತಿದ್ಲು. ಹತ್ತಿದ್ಲು ಅನ್ನೋದಕ್ಕಿಂತ ಹಾರಿದ್ಲು ಅನ್ನಿ. "ಬೊಪ್ಪಣ್ಣಾ, ಊರು ಕುಣೀತಿದೆ" ಅಂದ್ಲು.

"ಅದು ನನ್ನದಲ್ಲ. ನೋಡಿ ಎಷ್ಟು ಶುಚಿ!" ಅಂದ ಪಂಡಿತ. ರಾಜ ಇಣುಕಿದ. ಮೀಸೆ ಕಾಣ್ತು. "ಕುಣಿದು ಕುಣಿದು ಸುಸ್ತಾಗಿರ್ತಾರೆ. ಧೈರ್ಯ ಬರೋ ಔಷಧಿ ಮಾಡಿಸೋಣ" ಅಂದ.

ಮೂರನೇ ಸಲ ಹನ್ನೆರಡು ಕೊಪ್ಪರಿಗೆ. ಅಯ್ಯಯ್ಯಪ್ಪ, ಈ ಸಲ ಏನು ಹೇಳ್ಲಿ! ಕೋಳಿಗಳು ನರಿಯನ್ನ ಅಟ್ಟಿಸ್ಕೊಂಡು ಮೂರು ಊರು ದಾಟಿಸಿದ್ವು. ಕುರಿಗಳು ಕುರುಬನನ್ನ ಮೇಯಿಸೋಕೆ ಹೊರಟ್ವು. ಕೆರೆಯ ಒಂದು ಕಪ್ಪೆ ದಡಕ್ಕೆ ಬಂದು, ಗಂಟಲು ಸರಿಮಾಡ್ಕೊಂಡು, ಮಾತಾಡ್ತು. ಕಪ್ಪೆಗಳಿಗೆ ಮೊದಲಿಂದಲೂ ಮಾತು ಬರ್ತಿತ್ತಂತೆ. ಮನುಷ್ಯರ ಮುಂದೆ ಆಡೋಕೆ ಧೈರ್ಯ ಇರಲಿಲ್ಲವಂತೆ, ಅಷ್ಟೇ.

"ನಡಿಯಮ್ಮ, ಈ ಸಲ ನಾನೂ ಬರ್ತೀನಿ. ಆ ರಾಜನಿಗೆ ಎರಡು ಮಾತು ಕೇಳ್ಬೇಕು" ಅಂತು ಕಪ್ಪೆ. ಹೊಂಬಾಳಕ್ಕ ಅದನ್ನ ಎಲೆಅಡಿಕೆ ಚೀಲದಲ್ಲಿ ಹಾಕ್ಕೊಂಡು ಹೋದ್ಲು. ಕಪ್ಪೆ ಸಿಂಹಾಸನದ ತೋಳಿನ ಮೇಲೆ ಕೂತು ರಾಜನನ್ನ ಎಡಬಿಡದೆ ಬೈತು. ಪಂಡಿತ ಮತ್ತೆ, "ಅದು ನನ್ನದಲ್ಲ" ಅಂದ. ರಾಜ ಮತ್ತೆ ಇಣುಕಿದ. ಮೀಸೆ ಮತ್ತೆ ಕಾಣ್ತು.

ನಗ್ತೀರಾ? ನಗಿ, ನಗಿ. ಕೆಳಕೊಪ್ಪದೋರೂ ಮೊದಮೊದಲು ನಕ್ಕಿದ್ರು. ಮುಂದಿನದು ಕೇಳಿ.

ಹೊಂಬಾಳಕ್ಕನ ಮಗಳು ಚಿಕ್ಕತಾಯಿ. ಅವಳಿಗೆ ಅದೇ ವಾರ ಹೆರಿಗೆ ಆಯ್ತು. ಹೆಣ್ಣುಮಗು. ಕೈ ಕಾಲು ಮೂಗು ಎಲ್ಲ ಚೆನ್ನಾಗಿತ್ತು. ಆದ್ರೆ ಮಗು ಅಳಲಿಲ್ಲ.

ಹೊಂಬಾಳಕ್ಕ ಬೆನ್ನು ತಟ್ಟಿದ್ಲು, ಅಳಲಿಲ್ಲ. ಅಂಗಾಲು ಉಜ್ಜಿದ್ಲು, ಅಳಲಿಲ್ಲ. ಕಿವಿಯಲ್ಲಿ ಹೆಸರಿಟ್ಟು ಕೂಗಿದ್ಲು, ಅಳಲಿಲ್ಲ. ಉಸಿರಾಡ್ತಿತ್ತು. ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿತ್ತು. ನಿದ್ದೆಯಲ್ಲೇ ಕೈಕಾಲು ಕುಣಿಸ್ತಿತ್ತು. ಯಾವುದಕ್ಕೂ ಹೆದರ್ತಿರಲಿಲ್ಲ. ಮೂರು ಔಷಧಿಯೂ ತಾಯಿ ಕುಡಿದ ನೀರಲ್ಲಿ ಸೇರಿ ಮಗುವಿನ ಮೈಗೆ ಇಳಿದಿತ್ತು. ಹಸಿವಾದ್ರೂ ಅಳಲ್ಲ. ಹಸಿವು ಅಂತ ಗೊತ್ತಾಗೋದಾದ್ರೂ ಹೇಗೆ? ಚಿಕ್ಕತಾಯಿ ಬಟ್ಟೆಯ ಬತ್ತಿಯನ್ನ ಎದೆಹಾಲಲ್ಲಿ ಅದ್ದಿ ತೊಟ್ಟುತೊಟ್ಟಾಗಿ ಮಗುವಿನ ತುಟಿಗೆ ಇಳಿಸ್ತಿದ್ಲು. ಬಾವಿ ನೀರು ಕುಡಿಯೋಣ ಅಂದ್ರೆ ಬಾವಿಗೂ ಕೆರೆಯದೇ ಒರತೆ. ಹಸಿ ಬಾಣಂತಿಯನ್ನ ಬೇರೆ ಊರಿಗೆ ಸಾಗಿಸೋಕಾಗಲ್ಲ. ಒಂಬತ್ತು ದಿನ ಆಯ್ತು. ಮಗು ಇಳಿದುಹೋಗ್ತಾ ಬಂತು.

"ಅವ್ವಾ, ಒಂದೇ ಒಂದು ಸಲ ಅಳಿಸವ್ವ" ಅಂತ ಚಿಕ್ಕತಾಯಿ ಅತ್ತಳು. ಸಾವಿರಾರು ಹೆರಿಗೆ ಮಾಡಿಸಿದ ಹೊಂಬಾಳಕ್ಕನಿಗೂ ಅಳಿಸೋ ದಾರಿ ಕಾಣಲಿಲ್ಲ. ಅವಳು ಮೂಲೆಯಲ್ಲಿ ಕೂತು ಒಂದು ಎಲೆಅಡಿಕೆ ಹಾಕ್ಕೊಂಡು ಯೋಚನೆ ಮಾಡಿದ್ಲು. ದೂರು ಹೇಳಿದ್ರೆ ಈ ಮನುಷ್ಯ 'ನನ್ನದಲ್ಲ' ಅಂತಾನೆ. 'ನನ್ನದು' ಅಂತ ಅವನ ಬಾಯಲ್ಲೇ ಬರಿಸ್ಬೇಕಾದ್ರೆ ದೂರು ಹೇಳ್ಬಾರ್ದು.

ಮಾರನೇ ದಿನ ಅವಳು ಹೊಸ ಸೀರೆ ಉಟ್ಟು, ಒಂದು ಕೊಡ ಕೆರೆನೀರು ಹೊತ್ತು ಅರಮನೆಗೆ ಹೋದ್ಲು.

"ಬೊಪ್ಪಣ್ಣಾ, ಶಾಲು ತೆಗೆಸಪ್ಪಾ! ನಾನೊಂದು ದೊಡ್ಡ ಔಷಧಿ ಕಂಡುಹಿಡಿದಿದ್ದೀನಿ" ಅಂದ್ಲು.

ಪಂಡಿತನ ಕಿವಿ ನಿಮಿರಿತು.

"ನಿದ್ದೆ ಬರದೋರು ಇದನ್ನ ಕುಡಿದ್ರೆ ಸಂತೆಯಲ್ಲೂ ಗೊರಕೆ ಹೊಡೀತಾರೆ. ಇದು ನನ್ನ ಔಷಧಿ!"

"ಸುಳ್ಳು! ನಿದ್ದೆ ಔಷಧಿ ನನ್ನದು!" ಅಂದ ಪಂಡಿತ.

"ನಡೆಯೋಕಾಗದ ಮುದುಕಿ ಇದನ್ನ ಕುಡಿದು ಹುಣಸೇಮರ ಹತ್ತಿದ್ಲು. ಅದೂ ನನ್ನ ಔಷಧಿ!"

"ಎಲಾ ಇವಳಾ! ಎಚ್ಚರದ ಔಷಧಿ ನನ್ನದು! ಮೋರಿಯಲ್ಲಿ ಹರಿದು ಬಂದದ್ದನ್ನ ತುಂಬ್ಕೊಂಡು ತನ್ನದು ಅಂತಾಳೆ!"

"ಕೋಳಿ ಕುಡಿದು ನರಿಯನ್ನ ಓಡಿಸ್ತು. ಕಪ್ಪೆ ಕುಡಿದು ರಾಜನನ್ನೇ ಬೈತು. ಈ ಧೈರ್ಯದ ಔಷಧಿಗಾದ್ರೂ ಶಾಲು ಹೊದಿಸಲ್ವೇನಪ್ಪಾ?"

ರಾಜ ಪೆದ್ದುಪೆದ್ದಾಗಿ ಶಾಲಿನ ಕಡೆ ಕೈ ಚಾಚಿದ. ಪಂಡಿತನಿಗೆ ತಮಟೆಯವನು ಕಣ್ಣಮುಂದೆ ಬಂದ. ಅವನು ಶಾಲಿನ ಇನ್ನೊಂದು ಚುಂಗು ಹಿಡ್ಕೊಂಡು ಕಿರುಚಿದ: "ಮೂರೂ ನನ್ನದು! ಆ ಕೆರೆಯಲ್ಲಿರೋ ಹನಿಹನಿಯೂ ನನ್ನ ಔಷಧಿ! ಶಾಸನ ತರಿಸಿ! ತಗಡು ತರಿಸಿ! ಓದಿಸಿ!"

ತಗಡು ತಂದ್ರು. ಓದಿದ್ರು. "ತ್ರಿಯಂಬಕ ಪಂಡಿತನ ಔಷಧಿ ಒಂದು ಹನಿ ಯಾರ ಹೊಟ್ಟೆಗೆ ಬಿತ್ತೋ ಅವರು ತ್ರಿಯಂಬಕ ಪಂಡಿತನ ರೋಗಿ."

ಹೊಂಬಾಳಕ್ಕ ಕೊಡ ಕೆಳಗಿಟ್ಟಳು. "ಹಾಗಾದ್ರೆ ಕೆಳಕೊಪ್ಪದ ನಾನೂರು ಜನ ನಿನ್ನ ರೋಗಿಗಳು. ಇನ್ನೂರು ದನ, ಎಮ್ಮೆ, ಕುರಿ, ಕೋಳಿ, ಮೀನು ನಿನ್ನ ರೋಗಿಗಳು. ಅಳದೇ ಇರೋ ನನ್ನ ಮೊಮ್ಮಗಳೂ ನಿನ್ನ ರೋಗಿ. ರೋಗಿ ತನ್ನ ಬಾಯಿಂದ ಮೂರು ಸಲ ಗುಣವಾಯ್ತು ಅನ್ನೋ ತನಕ ವೈದ್ಯ ಕದಲೋ ಹಾಗಿಲ್ಲ. ನಡಿಯಪ್ಪ, ಹೊರಡು" ಅಂದ್ಲು.

ಪಂಡಿತ ತಗಡು ಕಿತ್ಕೊಂಡು ಇನ್ನೊಂದ್ಸಲ ಓದ್ಕೊಂಡ. "ಹಸುಗೂಸು ಗುಣವಾಯ್ತು ಅಂತ ಹೇಗೆ ಹೇಳುತ್ತೆ?" ಅಂತ ತೊದಲಿದ.

"ಹಸುಗೂಸಿಗೆ ಅಳುವೇ ಮಾತು. ಮೂರು ಸಲ ಅಳಲಿ. ಬೊಪ್ಪಣ್ಣ ಹುಟ್ಟಿದಾಗ ಅತ್ತಿದ್ದಕ್ಕೆ ಅರಮನೆ ಹೆಂಚೇ ಬಿದ್ದಿತ್ತು, ಎತ್ತಿಕೊಂಡಿದ್ದೋಳು ನಾನು" ಅಂದ್ಲು ಹೊಂಬಾಳಕ್ಕ. ರಾಜ ಮೀಸೆಯಿಂದ ಮುಖ ಮುಚ್ಚಿಕೊಂಡು, "ಆಗಲಿ, ಅಲ್ಲೀ ತನಕ ಪಂಡಿತನನ್ನ ನಾನು ಬಿಟ್ಟುಕೊಟ್ಟೆ" ಅಂದ.

ಕೆಳಕೊಪ್ಪಕ್ಕೆ ಬಂದ್ಮೇಲೆ ಪಥ್ಯದ ಮಾತು ಬಂತು. ಕಪ್ಪೆ ಬಹಳ ಮರ್ಯಾದೆಯಿಂದ, "ನಾನೂ ರೋಗಿ. ನನ್ನ ಪಥ್ಯ ನೊಣ. ಎರಡು ಹಿಡಿದಿಟ್ಟಿದ್ದೀನಿ, ಬನ್ನಿ ಊಟಕ್ಕೆ" ಅಂತು. ಎಮ್ಮೆ ತನ್ನ ಹುಲ್ಲಿನ ಬುಟ್ಟಿಯಿಂದ ಸ್ವಲ್ಪ ಹಿಂದೆ ಸರಿದು ಜಾಗ ಬಿಡ್ತು. ಪಂಡಿತ ಕಣ್ಣಲ್ಲಿ ನೀರು ತುಂಬ್ಕೊಂಡ. ಹೊಂಬಾಳಕ್ಕನಿಗೆ ಕರುಣೆ ಬಂತು. "ಬೇಡ ಬಿಡಿ. ನನ್ನ ಮಗಳೂ ರೋಗಿ. ಬಾಣಂತಿ ಪಥ್ಯ ಕೊಡೋಣ" ಅಂದ್ಲು.

ಹೀಗೆ ಪಂಡಿತನಿಗೆ ಬಾಣಂತನ ಶುರುವಾಯ್ತು. ತಲೆಗೆ ಹತ್ತಿ ಕಟ್ಟಿದ್ರು, ಕಿವಿ ಮುಚ್ಚೋ ಹಾಗೆ. ಹೊಟ್ಟೆಗೆ ಹಳೇ ಸೀರೆ ಬಿಗಿದ್ರು, ಅದಕ್ಕೆ ನಾಲ್ಕು ಸೀರೆ ಬೇಕಾಯ್ತು. ಬೆಳಿಗ್ಗೆ ಎಣ್ಣೆ ಹಚ್ಚಿ, ಸುಡುಸುಡು ನೀರು ಹಂಡೆಗಟ್ಟಲೆ ಹುಯ್ದು, ಸಾಂಬ್ರಾಣಿ ಹೊಗೆ ಹಾಕಿದ್ರು. ಮಂಚದ ಕೆಳಗೆ ಕೆಂಡ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿ ಅನ್ನ. ಮೊಸರಿಲ್ಲ, ಹೋಳಿಗೆ ಇಲ್ಲ. ಪಂಡಿತ ಒಂದ್ಸಲ ಗಾಳಿಗೆ ಬಾಗಿಲ ಹತ್ರ ಬಂದ. "ಶೀತ ಆಗುತ್ತೆ, ಒಳಗೆ ಹೋಗು!" ಅಂತ ಊರಿನ ಮುದುಕಿಯರೆಲ್ಲ ಗದರಿದ್ರು.

ಕುಡಿಯೋಕೆ, ಮೀಯೋಕೆ ಕೆರೆಯದೇ ನೀರು. ಮೊದಲ ದಿನ ಪಂಡಿತ ಮಂಚದ ಮೇಲೆ ಕುಣಿದ. ಎರಡನೇ ದಿನ ಕುಣೀತಾನೇ ನಿದ್ದೆ ಮಾಡಿದ. ಮೂರನೇ ದಿನ ಧೈರ್ಯ ಬಂದು ಹೊಂಬಾಳಕ್ಕನಿಗೆ ಎದುರು ಮಾತಾಡಿದ, ಒಂದು ಹಂಡೆ ನೀರು ಜಾಸ್ತಿ ಬಿತ್ತು. ಆಗ ಅವನಿಗೆ ಬುದ್ಧಿ ನೆಟ್ಟಗಾಯ್ತು. ಕೆರೆ ಗುಣ ಆಗದೆ ರೋಗಿಗಳು ಗುಣ ಆಗಲ್ಲ. ರೋಗಿಗಳು ಗುಣ ಆಗದೆ ತನ್ನ ಬಾಣಂತನ ಮುಗಿಯಲ್ಲ.

ದಡಕ್ಕೆ ಹೋಗಿ ನೀರಿನ ಮೇಲೆ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ ಕೆರೆಯ ನಾಡಿ ನೋಡಿದ. "ಬಹಳ ಸುಸ್ತಾಗಿದೆ. ಇದಕ್ಕೆ ಇನ್ನು ಮೇಲೆ ಮಳೆನೀರು ಒಂದೇ ಪಥ್ಯ. ಮೇಲಿಂದ ಒಂದು ಹನಿಯೂ ಬರಬಾರ್ದು" ಅಂದ. ನಲವತ್ತು ವರ್ಷದಲ್ಲಿ ಅವನು ಹೇಳಿದ ಮೊದಲ ಸರಿಯಾದ ಪಥ್ಯ ಅದು.

ಆದ್ರೆ ರಾಜನಿಗೆ ನಿದ್ದೆ ಔಷಧಿ ಬೇಕಲ್ಲ? ಪಂಡಿತ ಹೇಳಿ ಕಳಿಸೋದು, ಕಪ್ಪೆ ಗುಡ್ಡ ಹತ್ತಿ ಕೆಲಸದೋರಿಗೆ ಜಬರ್ದಸ್ತು ಮಾಡೋದು. ಮೊನ್ನೆ ಕುದಿಸಿ ತೊಳೆಯದೇ ಉಳಿದ ಹನ್ನೆರಡು ಕೊಪ್ಪರಿಗೆ ಹಾಗೇ ಬಿಡಿ, ಮುಟ್ಟಬೇಡಿ. ಅರ್ಧ ಚಮಚಕ್ಕೆ ಒಂದು ಚಟ್ಟಿ ಸಾಕು. ಇವತ್ತು ಚಟ್ಟಿ ತೊಳೆದ ನೀರನ್ನೇ ನಾಳೆಯ ಕಷಾಯಕ್ಕೆ ಹಾಕಿ, ಅದರಲ್ಲೂ ಔಷಧಿ ಇದೆ, ಗಿಡಮೂಲಿಕೆಯ ಬೇರೂ ಕಡಿಮೆ ಸಾಕಾಗುತ್ತೆ. ಇಷ್ಟಾಯ್ತು. ಉಳಿದ ಚರಟ ಏನ್ಮಾಡೋದು? ಬೆರಣಿ ತಟ್ಟಿ ಒಲೆಗೆ ಹಾಕಿದ್ರು. ಹೊಗೆ ಕುಡಿದು ಕಾಗೆಗಳು ಹಾರ್ತಾ ಹಾರ್ತಾ ಗೊರಕೆ ಹೊಡೆದ್ವು. ಅದು ಆಗಲಿಲ್ಲ. ಹೊಲಕ್ಕೆ ಎರಚಿದ್ರು. ಕುಂಬಳಬಳ್ಳಿ ಎದ್ದು ಬೇಲಿ ಹಾರಿ ಓಡಿಹೋಯ್ತು. ಅದೂ ಆಗಲಿಲ್ಲ. ಕೊನೆಗೆ ಜೇಡಿಮಣ್ಣು ಮೆತ್ತಿದ ಗುಂಡಿಯಲ್ಲಿ ಸಗಣಿ ಜೊತೆ ಹಾಕಿ, ಮೇಲೆ ಚಪ್ಪರ ಹಾಕಿ, ದಿನಾ ತಿರುವಿ ಕೊಳೆಸಿದ್ರು. ಆ ಗೊಬ್ಬರ ಒಂದು ದಂಟಿನ ಗಿಡಕ್ಕೆ ಹಾಕಿ ಎಲ್ಲರೂ ಉಸಿರು ಬಿಗಿಹಿಡಿದು ಕಾದ್ರು. ದಂಟು ಮಲಗಲಿಲ್ಲ, ಓಡಲಿಲ್ಲ, ಬೈಯಲಿಲ್ಲ. ದಂಟಿನ ಹಾಗೇ ನಿಂತಿತ್ತು.

ಮಳೆ ಬಂತು. ಕೆರೆ ತುಂಬಿ ಕೋಡಿ ಹರೀತು. ರೋಗಿಗಳು ಒಬ್ಬೊಬ್ಬರೇ ಸಾಲಾಗಿ ಬಂದ್ರು. ಮುದುಕಿ ಮರದಿಂದ ಇಳಿದು ಮೂರು ಸಲ "ಗುಣವಾಯ್ತು" ಅಂದ್ಲು. ಹುಂಜ ಮೂರು ಸಲ ಪೂರ್ತಿ ಕೂಗ್ತು. ಕಳ್ಳನೂ ಎದ್ದು "ಗುಣವಾಯ್ತು" ಅಂದು, ಚಾದರ ಮಡಿಸಿಟ್ಟು ಹೋದ. ಕಪ್ಪೆಗೆ ಮಾತ್ರ ಧೈರ್ಯ ಇಳೀತಾ ಬಂತು. ಕೊನೇ ಸಲ ಮೆಲ್ಲಗೆ "ಗುಣವಾಯ್ತು" ಅಂದು, ನಾಚ್ಕೊಂಡು ನೀರಿಗೆ ನೆಗೀತು. ಆಮೇಲೆ ಅದು ಮನುಷ್ಯರ ಜೊತೆ ಮಾತಾಡಿಲ್ಲ.

ಉಳಿದದ್ದು ಮಗು ಒಂದೇ. ಎಲ್ಲರಿಗಿಂತ ಸಣ್ಣದು, ಎಲ್ಲರಿಗಿಂತ ನಿಧಾನ.

ಪಂಡಿತ ತೊಟ್ಟಿಲ ಪಕ್ಕದಿಂದ ಏಳ್ತಾನೇ ಇರಲಿಲ್ಲ. ಮೊದಮೊದಲು ತನ್ನ ಬಿಡುಗಡೆಗೆ ಕಾಯ್ತಿದ್ದ, ನಾನು ಸುಳ್ಳು ಹೇಳಲ್ಲ. ಆದ್ರೆ ಬತ್ತಿ ಹಿಡಿದು ಹಾಲು ಇಳಿಸೋ ಚಿಕ್ಕತಾಯಿ ರಾತ್ರಿಯಿಡೀ ನಿದ್ದೆಗೆಡೋದನ್ನ ದಿನಾ ನೋಡಿ ನೋಡಿ ಅವನಿಗೆ ಒಳಗೆ ಏನೋ ಆಯ್ತು. ಬತ್ತಿಯನ್ನ ತಾನೇ ಹಿಡಿಯೋಕೆ ಶುರು ಮಾಡಿದ. "ಅಳು ಪುಟ್ಟಾ, ನಿನ್ನ ದಮ್ಮಯ್ಯ, ಒಂದ್ಸಲ ಅಳು" ಅಂತಿದ್ದ.

ಪಂಡಿತನ ಬಾಣಂತನದ ನಲವತ್ತೊಂದನೇ ದಿನ ಬೆಳಿಗ್ಗೆ ಮಗು ಬಾಯಿ ತೆಗೀತು. ಮುಖ ಕೆಂಪಾಯ್ತು. "ಕ್ವಾ" ಅಂತು.

ಚಿಕ್ಕತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಗು ಮತ್ತೆ "ಕ್ವಾ" ಅಂತು. ಪಂಡಿತ ಹತ್ತಿಪಟ್ಟಿ ಹಾರಿಸಿ, "ಎರಡಾಯ್ತು! ಎರಡಾಯ್ತು!" ಅಂತ ಬೀದಿಗೆ ಓಡಿ ಗುಡ್ಡದ ಕಡೆ ಕೂಗಿದ.

ಮೇಲೆ ರಾಜನಿಗೆ ಅರ್ಧ ಕೇಳಿಸ್ತು. ಪಂಡಿತನ ಬಾಣಂತನ ಮುಗೀತು ಅಂದ್ಕೊಂಡ. ನಲವತ್ತು ದಿನದಿಂದ ಅವನು ತನ್ನ ಮೀಸೆ ಪೂರ್ತಿ ನೋಡಿರಲಿಲ್ಲ. "ತೊಳೀರೋ ಆ ಹನ್ನೆರಡೂ ಕೊಪ್ಪರಿಗೆಯನ್ನ! ಏಳೇಳು ಸಲ!" ಅಂದ. ಒಳಗೆ ಒಣಗಿ ಹತ್ತಿದ್ದ ಹಳೇ ಔಷಧಿ ಎಲ್ಲ ಕರಗಿ ಮೋರಿಗೆ ಬಿತ್ತು. ಕಪ್ಪಗೆ, ನೊರೆನೊರೆಯಾಗಿ ಕೆಳಗೆ ಹೊರಡ್ತು.

ಪಂಡಿತ ಬೀದಿಯಲ್ಲಿ ನಿಂತೋನು ಅದನ್ನ ನೋಡಿದ. ಒಳಗೆ ಮಗು ಸುಮ್ಮನಾಗಿತ್ತು.

ಓಡಿದ ನೋಡಿ ಆ ಮನುಷ್ಯ! ಹೊಟ್ಟೆಗೆ ಬಿಗಿದ ಸೀರೆ ಬಿಚ್ಚಿಕೊಂಡು ಬಾಲದ ಹಾಗೆ ಹಿಂದೆ ಹಾರ್ತಿತ್ತು. "ನಿಲ್ಲಿಸ್ರೋ!" ಅಂತ ಕೂಗಿದ, ಮೇಲೆ ಯಾರಿಗೂ ಕೇಳಲಿಲ್ಲ. ಕಲ್ಲು ಹುಡುಕಿದ, ಸಿಗಲಿಲ್ಲ. ಆರು ಸಲ ತೊಳೆದದ್ದನ್ನ ಎಂಜಲು ಅಂತಿದ್ದ ಪಂಡಿತ, ಕೆರೆಗೆ ಮೋರಿ ಸೇರೋ ಬಾಯಲ್ಲಿ ಅಡ್ಡ ಕೂತುಬಿಟ್ಟ. ನಾಲ್ಕು ಸೀರೆಯನ್ನೂ ಸಂದಿಗೆ ತುರುಕಿದ. ತುಪ್ಪ, ಹೋಳಿಗೆ ತಿಂದು ಬೆಳೆಸಿದ ಹೊಟ್ಟೆ ಅವತ್ತು ಉಪಯೋಗಕ್ಕೆ ಬಂತು. ಕೊಳಕು ಅವನ ಮೊಣಕಾಲು ಮುಚ್ಚಿ, ಎದೆ ಮುಚ್ಚಿ, ಗಡ್ಡದ ತನಕ ಏರಿ ನಿಂತ್ಕೊಳ್ತು. ಕೆರೆಗೆ ಒಂದು ಹನಿ ಇಳೀಲಿಲ್ಲ.

ರಾಜ ಮೀಸೆ ತಿರುವ್ತಾ ಪಂಡಿತನನ್ನ ಕರ್ಕೊಂಡು ಹೋಗೋಕೆ ಇಳಿದು ಬಂದ. ಮೋರಿಯಲ್ಲಿ ಪಂಡಿತನ ತಲೆ ಮಾತ್ರ ಕಂಡ. "ಇದೇನಯ್ಯ ಇದು?" ಅಂದ.

"ಮಹಾಪ್ರಭು, ಇದು ನನ್ನದು" ಅಂದ ಪಂಡಿತ. "ಇದು ನನ್ನದೇ."

ಅಷ್ಟರಲ್ಲಿ ಊರೊಳಗಿಂದ ಒಂದು ಅಳು ಬಂತು. ಎಂಥ ಅಳು ಅಂತೀರಿ! ಹಸಿವಿನ ಅಳು, ಕೋಪದ ಅಳು, ಹುಟ್ಟಿದಾಗಿಂದ ಬಾಕಿ ಇದ್ದ ಅಳು ಪೂರ್ತಿ ಒಂದೇ ಸಲ. ಹೊಂಬಾಳಕ್ಕನ ಮನೆ ಮೇಲಿಂದ ಒಂದು ಹೆಂಚು ಜಾರಿ ಕೆಳಗೆ ಬಿತ್ತು. ಒಳಗೆ ಚಿಕ್ಕತಾಯಿ ಮಗುವನ್ನ ಎದೆಗೆ ಹಾಕ್ಕೊಂಡು ತಾನೂ ಅಳ್ತಿದ್ಲು.

ಹೊಂಬಾಳಕ್ಕ ಮೋರಿ ಹತ್ರ ಬಂದು, "ಮೂರಾಯ್ತು ಕಣಪ್ಪ. ಏಳು, ಬಿಡುಗಡೆ ಆಯ್ತು" ಅಂದ್ಲು.

"ನಾನು ಎದ್ರೆ ಇದು ಹರಿಯುತ್ತೆ ಕಣಮ್ಮ" ಅಂದ ಪಂಡಿತ. "ಮೊದಲು ಗುಂಡಿ ತೋಡಿಸಿ."

ಗುಂಡಿ ತೋಡಿ, ಜೇಡಿ ಮೆತ್ತಿ, ಆ ಕೊಳಕನ್ನೆಲ್ಲ ಕೊಡದಲ್ಲಿ ಮೊಗೆದು ಹಾಕೋಕೆ ಸಂಜೆ ಆಯ್ತು. ಮೊಗೆಯೋ ಸಾಲಿನಲ್ಲಿ ಮೊದಲು ನಿಂತೋನು ಯಾರು? ಬೊಪ್ಪರಾಜ! ಹೊಂಬಾಳಕ್ಕ ನಿಲ್ಲಿಸಿದ್ಲು. ಕೆಲಸ ಮುಗಿಸಿ ರಾಜ ಕೈ ತೊಳ್ಕೊಳ್ಳೋಕೆ ಕೆರೆಗೆ ಬಗ್ಗಿದ. ತಿಳಿನೀರಲ್ಲಿ ಅವನ ಮೀಸೆ ಈ ತುದಿಯಿಂದ ಆ ತುದಿ ತನಕ ಕಾಣ್ತು. ಎಡಗಡೆ ಎರಡು ಬೆರಳು ಉದ್ದ ಇತ್ತು. ಕೊಪ್ಪರಿಗೆ ಇಷ್ಟು ದಿನ ಅವನಿಗೆ ಅದನ್ನೂ ಹೇಳಿರಲಿಲ್ಲ.

ನೋಡಿ ಮಕ್ಕಳೇ, ಇದು ಈ ಕತೆಯ ನೀತಿ. ಔಷಧಿ ಮಾಡೋದು ಪುಣ್ಯದ ಕೆಲಸ, ಆದ್ರೆ ಔಷಧಿ ಎಷ್ಟು ನಿನ್ನದೋ, ಪಾತ್ರೆ ತೊಳೆದ ನೀರೂ ಅಷ್ಟೇ ನಿನ್ನದು. ಹೆಸರು ಬರುವಾಗ 'ನನ್ನದು' ಅನ್ನೋನು ಕೊಳಕು ಹರಿಯುವಾಗಲೂ 'ನನ್ನದು' ಅನ್ನಬೇಕು. ಅನ್ನದೇ ಇದ್ರೆ ಕೆಳಗಿನ ಊರಲ್ಲಿ ಯಾವುದೋ ಮಗುವಿನ ಅಳು ನಿಂತುಹೋಗುತ್ತೆ.

ಹಾಂ, ಆಯ್ತು, ಏಳಿ. ಏಯ್, ಕಂಬದ ಹಿಂದೆ ಕೂತೋನೇ, ನಿನ್ನ ಕಾಲ ಕೆಳಗಿರೋ ಆ ಸಿಪ್ಪೆ ಯಾರದ್ದೋ?